ಹತ್ತು ಫೋಟೋಗಳ ಹಾಳೆ

ಕಿರುಗಾವಲಿನ ಪ್ರೌಢಶಾಲೆ, ವಿಜ್ಞಾನದ ಕೊಠಡಿ,
ಅಸ್ಥಿಪಂಜರದ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ.
ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂರಿಸುತ್ತೇನೆ ಒಬ್ಬೊಬ್ಬರನ್ನೇ.
ಬೆಳಗಿನಿಂದ ನಲವತ್ತೊಂದು ಬಾಯಿ.
ಪುಟ್ಟ ಸ್ಟೀಲು ಸ್ಕೇಲು, ಕನ್ನಡಿ, ಕೈಗವಸು,
ಮತ್ತು ಪ್ಲಾಸ್ಟಿಕ್ ಕವರಿನೊಳಗೆ ಆ ಹಾಳೆ:
ಹತ್ತು ಫೋಟೋ, ಹತ್ತು ಜನರ ಹಲ್ಲು,
ಒಂದು ಅಂದರೆ ಅಂದ, ಹತ್ತು ಅಂದರೆ
ಆ ಪದವನ್ನು ಮಕ್ಕಳ ಮುಂದೆ ಆಡಬಾರದೆಂದು
ತರಬೇತಿಯಲ್ಲಿ ಹೇಳಿದ್ದಾರೆ.

"ನಿನ್ನ ಹಲ್ಲು ಯಾವುದರ ಹಾಗಿದೆ, ಬೆರಳಿಟ್ಟು ತೋರಿಸು."

ಭಾನುರೇಖಾ, ಒಂಬತ್ತನೇ ಬಿ.
ಮೇಲಿನ ಹಲ್ಲು ಕೆಳಗಿನದಕ್ಕಿಂತ ಏಳೂವರೆ ಮಿಲಿಮೀಟರ್ ಮುಂದೆ.
ದರ್ಜೆ ನಾಲ್ಕು. ಚಿಕಿತ್ಸೆ ಅಗತ್ಯ, ಗುರುತು ಹಾಕಿದೆ.
ಅವಳು ಹಾಳೆಯನ್ನು ಹತ್ತಿರ ಹಿಡಿದು, ದೂರ ಹಿಡಿದು,
ತಿರುಗಿಸಿ ಹಿಂಬದಿಯನ್ನೂ ನೋಡಿ,
"ಇವ್ರ ಮೊಕ ಎಲ್ಲಿ ಮಿಸ್?" ಅಂದಳು.
"ಯಾರೂ ನಗ್ತಾನೇ ಇಲ್ವಲ್ಲ, ಬರೀ ಹಲ್ ಬುಟ್ಕೊಂಡವ್ರೆ."
ಆಮೇಲೆ, ನನ್ನ ಮೇಲೆ ದಯೆ ತೋರಿದ ಹಾಗೆ
ಎರಡನೇ ಫೋಟೋದ ಮೇಲೆ ಬೆರಳಿಟ್ಟಳು.
ಸರಿಯಾಗಿ ನೋಡಮ್ಮ ಅನ್ನಲಾರೆ,
ಅನ್ನಬಾರದೆಂಬುದೂ ನಿಯಮ.
"ನಮ್ಮಜ್ಜಿದೂ ಹಿಂಗೇ. ಅವ್ವಂಗೆ ಬರ್ನಿಲ್ಲ, ನಂಗೆ ಬಂತು"
ಜುಮುಕಿ ಕೈಸೇರಿದ ಹೆಮ್ಮೆಯಲ್ಲಿ.

ತೌಸೀಫ್, ಹತ್ತನೇ ಎ.
ಒಂದು ಕೋರೆಹಲ್ಲು ಒಂಚೂರು ತಿರುಗಿದೆ, ಅಷ್ಟೇ.
ದರ್ಜೆ ಎರಡು. ಅಗತ್ಯವಿಲ್ಲ.
ಹೆಸರು ಹೇಳುವಾಗಲೂ ಅಂಗೈ ಬಾಯಿಗೆ ಅಡ್ಡ,
ಬಾಯಿ ತೆರೆ ಎಂದರೆ ಕಣ್ಣು ಮುಚ್ಚಿದ.
ಹಾಳೆಯನ್ನು ಹೆಚ್ಚು ಹೊತ್ತು ನೋಡಲಿಲ್ಲ.
"ಒಂಬತ್ತು" ಅಂದ, ತಪ್ಪೊಪ್ಪಿಕೊಂಡ ಹಾಗೆ.
ಬಾಗಿಲವರೆಗೆ ಹೋದವನು ತಿರುಗಿ,
"ತಂತಿ ಹಾಕ್ಸಿದ್ರೆ ಎಷ್ಟಾಗುತ್ತೆ ಮೇಡಂ? ಸುಮ್ನೆ ಕೇಳ್ದೆ."
ಸುಮ್ನೆ ಕೇಳ್ದೆ ಎಂಬುದಕ್ಕೆ
ನನ್ನ ಫಾರಮ್ಮಿನಲ್ಲಿ ಕಾಲಂ ಇಲ್ಲ.

ಬನ್ನೂರಿನ ಮೇಲೆ ಬರುವ ಬಸ್ಸು. ಹಾಳೆ ತೊಡೆಯ ಮೇಲೆ.
ಪಕ್ಕದ ಸೀಟಿನ ಹೆಂಗಸು, ಕಾಲಸಂದಿಯಲ್ಲಿ ಬದನೆಕಾಯಿ ಚೀಲ,
ಇಣುಕಿ ಕೇಳಿದಳು: "ಕಟ್ಸೋ ಹಲ್ಲಾ ಇವು?
ಕೊನೇದು ಅಗ್ಗ ಇರ್ಬೇಕು, ಅಲ್ವಾ?"

ಮೈಸೂರಿನಲ್ಲಿ ನಮ್ಮ ಗೈಡು ಸಾಲುಗಳ ಮೇಲೆ ಪೆನ್ಸಿಲ್ ಆಡಿಸಿ
"ಅಳತೆಗೂ ಅನಿಸಿಕೆಗೂ ತಾಳೆಯೇ ಇಲ್ಲವಲ್ಲ.
ಮಕ್ಕಳಿಗೆ ಪ್ರಶ್ನೆ ಅರ್ಥವಾಗಿಲ್ಲ, ಇನ್ನೊಮ್ಮೆ ಕೇಳಿ ಬನ್ನಿ" ಎಂದರು.
ಅರ್ಥವಾಗಿದೆ ಸರ್, ಎನ್ನಲು ಬಾಯಿ ಬರಲಿಲ್ಲ.
ನನಗೆ ಹದಿಮೂರಕ್ಕೇ ತಂತಿ ಬಿದ್ದಿತ್ತು,
ಎರಡು ವರ್ಷ, ತಿಂಗಳಿಗೊಮ್ಮೆ ಬಿಗಿತ, ಆ ರಾತ್ರಿ ಬರೀ ಗಂಜಿ.
ಈಗ ಯಾರು ಅಳೆದರೂ ದರ್ಜೆ ಒಂದು.
ಆದರೂ ಫೋಟೋದವನು ಸ್ಮೈಲ್ ಅಂದ ಕೂಡಲೇ
ತುಟಿ ತಾನಾಗಿ ಮುಚ್ಚಿಕೊಳ್ಳುತ್ತದೆ.
ಹಲ್ಲು ಸಾಲಿಗೆ ಬಂದ ಸುದ್ದಿ
ತುಟಿಗಿನ್ನೂ ಮುಟ್ಟಿಲ್ಲ.

ಎರಡನೇ ಸಲ ಹೋದಾಗ ಊಟದ ಬಿಡುವು.
ಹತ್ತನೆಯವರ ಗ್ರೂಪ್ ಫೋಟೋಗೆ ಬೆಂಚು ಜೋಡಿಸುತ್ತಿದ್ದರು.
ತೌಸೀಫ್ ಅವತ್ತು ಬಂದಿರಲಿಲ್ಲ.
ಕಾಂಪೌಂಡಿನ ಮೇಲೆ ಕೂತು ಭಾನುರೇಖಾ ಕಬ್ಬು ಸೀಳುತ್ತಿದ್ದಳು.
ಮುಂದಿನ ಹಲ್ಲು ಒಂದಕ್ಕೊಂದು ಕೂಡುವುದಿಲ್ಲ, ಅದಕ್ಕೆ
ಜಲ್ಲೆಯನ್ನು ಓರೆ ಮಾಡಿ ದವಡೆಗೆ ಕೊಟ್ಟು
ಒಂದೇ ಎಳೆತಕ್ಕೆ ಸಿಪ್ಪೆ ಮೊಳದುದ್ದ.
"ತಕಳಿ ಮಿಸ್" ಎಂದು ನನಗೂ ಒಂದು ತುಂಡು.
ಕಚ್ಚಿದೆ, ಜಾರಿತು, ಒಸಡಿಗೆ ತಾಗಿತು.
ಅವಳು ಬಾಗಿ ನನ್ನ ಬಾಯನ್ನೇ ನೋಡಿದಳು,
ಒಂದು ಕ್ಷಣ, ಅವಸರವಿಲ್ಲದೆ.
"ಚೆಂದಾಗವೆ ನಿಮ್ವು," ಅಂದಳು.
"ಕೊಡಿ ಇಲ್ಲಿ, ನಾನ್ ಸೀಳ್ಕೊಡ್ತೀನಿ."