ಏಳನೇ ಹಲಗೆ

ಕುಶಾಲನಗರದ ಅಂಗಡಿಯಲ್ಲಿದ್ದದ್ದು ಗುಲಾಬಿ ಮಂಚ.
ತಲೆದೆಸೆಗೆ ಕೋಟೆ, ಕೋಟೆಗೆ ಬುರುಜು,
ಕಾಲ್ದೆಸೆಗೆ ರೆಪ್ಪೆ ಬರೆದ ಎರಡು ಹಂಸ.
ಲಿಪಿಕಾ ಚಪ್ಪಲಿ ಬಿಟ್ಟು ಹತ್ತಿ ಮಲಗಿಯೇಬಿಟ್ಟಳು.
‘ಅಳತೆ ಕೊಟ್ಟು ಮಾಡಿಸಿದ ಹಾಗಿದೆ ನೋಡಿ’ ಅಂದ ಅಂಗಡಿಯವನು.

ನನಗೆ ಹಿಡಿಸದ್ದೇ ಅದು.
ಜೂನಿನಲ್ಲಿ ಅಳತೆಗೆ ಕೊಂಡ ಶೂ
ದಸರಾ ರಜೆಗೆ ಬೆರಳು ಕಚ್ಚುತ್ತದೆ.
ಬಗ್ಗಿ ಮಂಚದಡಿ ಕೈಯಾಡಿಸಿದೆ:
ಬಣ್ಣ ಮುಗಿದಲ್ಲಿ ಒತ್ತಿದ ಹೊಟ್ಟು.
ಕ್ಯೂರಿಂಗ್ ವರ್ಕ್ಸ್‌ನಲ್ಲಿ ಹನ್ನೊಂದು ವರ್ಷ
ಕಾಫಿ ಬೀಜ ಆರಿಸಿದವಳು ನಾನು,
ಹೊಳಪಿನೊಳಗಿನ ತೂತು ಬೆರಳಿಗೇ ಗೊತ್ತಾಗುತ್ತದೆ.
ಕಕ್ಕಡದಲ್ಲಿ ನಮ್ಮ ಸುಂಟಿಕೊಪ್ಪದ ಮನೆಯೊಳಗೆ
ಬೆಲ್ಟಿಗೂ ಬೂಷ್ಟು, ಮದುವೆ ಆಲ್ಬಮ್ಮಿಗೂ ಬೂಷ್ಟು,
ಈ ಕೋಟೆ ಒಂದೇ ಮಳೆಗಾಲಕ್ಕೆ ನೆನೆದ ಹಪ್ಪಳ.

ಬಸ್ಸಿನಲ್ಲಿ ಮನೆ ತಲುಪುವವರೆಗೂ ಅವಳು ಮಾತಾಡಲಿಲ್ಲ.

ಮಿಲ್ಲಿನ ಹಿಂದೆ ವೇಲಾಯುಧನ್‌ನ ಶೆಡ್ಡು.
‘ಸಿಲ್ವರ್ ಮರ ಅಗ್ಗ ಉಂಟು, ಆದರೆ ರಾತ್ರಿಯೆಲ್ಲ
ಹುಳು ಕೊರೆಯುವ ಸದ್ದಿಗೆ ಮಗು ಎದ್ದು ಕೂರ್ತದೆ.
ಬೀಟೆ ಕೇಳಬೇಡಿ, ಅದು ಕನಸಿಗೂ ಪರ್ಮಿಟ್ ಬೇಕಾದ ಮರ.’
ಆಮೇಲೆ ಗೋಣಿ ಸರಿಸಿ ತೋರಿಸಿದ,
ಮುಚ್ಚಿಹೋದ ರೇಷನ್ ಅಂಗಡಿಯೊಂದರ ಬಾಗಿಲ ಹಲಗೆಗಳು,
ಹಲಸು, ಜೇನಿನ ಬಣ್ಣ ಮಾಗಿ ಬೆಲ್ಲವಾಗಿದೆ,
ಒಂದೊಂದರ ಮೇಲೂ ಬಿಳಿ ಪೇಂಟಿನ ಅಂಕಿ.
ಬೆರಳ ಗೆಣ್ಣಿನಿಂದ ಬಡಿದ. ನಾನೂ ಬಡಿದೆ.
ಒಳಗೆ ಯಾರೂ ಇರಲಿಲ್ಲ.

‘ಮಗು ಎಷ್ಟು ಎತ್ತರ ಆಗ್ತದೆ?’
ನಾನು ಜೋಯಪ್ಪನ ಮುಖ ನೋಡಿದೆ, ಅವರು ನನ್ನದು.
ಅವರ ಹಾಗಾದರೆ ಆರಡಿ, ನನ್ನ ಹಾಗಾದರೆ ಐದು.
ಆರಕ್ಕೇ ಇರಲಿ ಅಂದ ಆಚಾರಿ,
ಮೂರಿಂಚು ಮೇಲೆ, ದಿಂಬು ಜಾರದ ಹಾಗೆ.
ಚೀಟಿ ಎತ್ತಿದ ದುಡ್ಡಿನಲ್ಲಿ ಮುಂಗಡ ಎಣಿಸಿದೆ.

ಸಿಲಿಂಡರು, ಅಕ್ಕಿ ಡ್ರಮ್ಮು, ತಿರುಗದ ಫ್ಯಾನು
ಒಂದೊಂದೇ ಹೊರಬಿದ್ದು ಕೋಣೆಯಾದ ಆ ಕೋಣೆಗೆ
ಬಿಡಿಬಿಡಿಯಾಗಿ ಮಂಚ ಬಂತು.
ಹತ್ತು ಹಲಗೆ, ಎಂಟು ಬೋಲ್ಟು, ಹಂಸವಿಲ್ಲ.
ಮೂರೂಮುಕ್ಕಾಲು ಅಡಿಯ ಮಗಳು ನಡುವೆ ನಿಂತು ಕೇಳಿದಳು:
‘ಮಿಕ್ಕಿದ್ದರಲ್ಲಿ ಯಾರು ಮಲಗೋದು?’
‘ನೀನೇ.’
‘ನಾನು ಇಲ್ಲಿದ್ದೀನಲ್ಲ.’

ಎರಡು ದಿನ ನಮ್ಮ ನಡುವೆಯೇ ಮಲಗಿದಳು, ಮುನಿಸಿನಲ್ಲಿ.
ಮೂರನೆಯ ದಿನ ಹಾಸಿಗೆ ಮಗುಚಿ ಅಂಕಿ ಕಂಡುಹಿಡಿದಳು.
ತಲೆಯ ಕೆಳಗೆ ೧, ಬೆನ್ನಿಗೆ ೩,
ಹಿಮ್ಮಡಿ ನಿಂತದ್ದು ಆರನೆಯ ಹಲಗೆಯಲ್ಲಿ.
ವೇಲಾಯುಧನ್‌ಗೆ ಕನ್ನಡದ ೬, ೯ ಎರಡೂ ಒಂದೇ,
ಅದಲುಬದಲು ಜೋಡಿಸಿದ್ದ.
‘ಅಮ್ಮಾ, ನಾನಾಗಲೇ ಒಂಬತ್ತು!’
ಬೀದಿಗೆಲ್ಲ ಕೇಳಿಸಿತು. ತಿದ್ದಲಿಲ್ಲ.

ಈಗ ಏಳಕ್ಕೆ ಕಾಲುಬೆರಳು ಚಾಚುತ್ತಾಳೆ,
ದಿಂಬಿನಿಂದ ಜಾರಿ ಜಾರಿ, ಕಳ್ಳಿ.
ಎಂಟರ ಮೇಲೆ ಶಾಲೆಯ ಚೀಲ,
ಮಿಕ್ಕೆರಡರ ಮೇಲೆ ಬಾಲವಿಲ್ಲದ ಆನೆ, ಇಸ್ತ್ರಿಯಾಗದ ಬಟ್ಟೆ.
ಜ್ವರ ಬಂದ ರಾತ್ರಿ ಅದನ್ನೆಲ್ಲ ನೆಲಕ್ಕಿಳಿಸಿ
ಆ ಎರಡೂವರೆ ಅಡಿಯಲ್ಲಿ ಮಂಡಿ ಮಡಚಿ ಮಲಗಿದೆ,
ಅವಳ ಪಾದ ನನ್ನ ಹೊಟ್ಟೆಗೆ ಒತ್ತಿಕೊಂಡು, ಬೆಚ್ಚಗೆ,
ಹಿಂದೊಮ್ಮೆ ಒಳಗಿನಿಂದ ಒದ್ದ ಜಾಗಕ್ಕೇ.
ಮಂಚ ಕಿರ್ ಅನ್ನಲಿಲ್ಲ.

‘ಬಾಡಿಗೆ ಮನೆ, ನಾಳೆ ಬಿಡಬೇಕಾದರೆ?’
ಜೋಯಪ್ಪ ಅವತ್ತೇ ಕೇಳಿದ್ದರು.
ಅದಕ್ಕೂ ಉಪಾಯ ಮಾಡಿಟ್ಟಿದ್ದ ಆಚಾರಿ:
ಹತ್ತನೆಯ ಹಲಗೆಯ ಅಡಿಗೆ
ತಂತಿ ಸುತ್ತಿ ಕಟ್ಟಿದ ಒಂದು ಸ್ಪ್ಯಾನರು.
ಎಂಟು ಬೋಲ್ಟಿಗೂ ಅದೊಂದೇ ಸಾಕಂತೆ.
ಗುಡಿಸಲು ಬಗ್ಗಿದಾಗೆಲ್ಲ ಕಣ್ಣಿಗೆ ಬೀಳುತ್ತದೆ,
ಅವಳ ಕಾಲು ಇನ್ನೂ ಮುಟ್ಟದ ಕಡೆ.
ಮಳೆಗಾಲಕ್ಕೆ ಮೊದಲು ಬಿಚ್ಚಿ, ತೆಂಗಿನೆಣ್ಣೆ ಸವರಿ,
ಮತ್ತೆ ಅಲ್ಲೇ ಕಟ್ಟುತ್ತೇನೆ.
ತುಕ್ಕು ಹಿಡಿಯಬಾರದಲ್ಲ.