ಸಾಸಿವೆ

ಸಾಣಾಪುರದ ಕೆರೆ ಕೆಳಗೆ ನನ್ನವು ಹತ್ತು ಗುಂಟೆ.
ಭತ್ತ ಬಿಟ್ಟು ಬೇರೆ ಕಂಡ ನೆಲವಲ್ಲ.
ಬಂಡೆ ಬುಡದ ಕೆಫೆಯವನು ಕೇಳಿದನೆಂದು ಈ ಚಳಿಗಾಲ ಲೆಟಿಸ್ ಹಾಕಿದೆ.
ಉಪ್ಪು, ಹುಳಿ, ಬೆಂಕಿ ಯಾವುದೂ ಮುಟ್ಟದ ಸೊಪ್ಪು.
ಹಸಿಹಸಿಯೇ ತಿನ್ನುತ್ತಾರಂತೆ,
ಆಡಿನ ಹಾಗೆ.

ನಲವತ್ತನೇ ದಿನ ಮಧ್ಯಾಹ್ನ
ಎಂಟನೇ ಸಾಲಿನಲ್ಲೊಂದು ಗಿಡ ಕಿವಿ ಜೋಲು ಬಿಟ್ಟಿತು.
ಬಾಯಾರಿಕೆ ಇರಬೇಕೆಂದು ನೀರು ಬಿಟ್ಟೆ.
ಸಂಜೆಗೂ ಬಿಟ್ಟೆ.
ಬೆಳಗ್ಗೆ ಆರು ಗಿಡ.
ಒಂದನ್ನು ಮುಟ್ಟಿದೆ ಅಷ್ಟೇ,
ಬೇರು ನೆಲದಲ್ಲೇ ಉಳಿದು ತಲೆ ಕೈಗೆ ಬಂತು.

ಬದುವಿನ ಮೇಲೆ ಕುಂತ ಹುಸೇನಮ್ಮ ನಕ್ಕಳು:
"ಯಾವಾಕಿ ಇಲ್ಲಿ ಒಗ್ಗರಣಿ ಹಾಕಿದಾಕಿ? ಸಾಸಿವಿ ಚೆಲ್ಲ್ಯಾಳ."
ನಿಜ, ಬುಡದ ಸುತ್ತ ಸಾಸಿವೆ,
ಕಂದು, ದುಂಡಗೆ, ಹಸಿ ಮಣ್ಣಿಗೆ ಅಂಟಿಕೊಂಡು.
ಕೆಳಗೆ ಬೀಸಣಿಗೆಯಂತೆ ಬಿಚ್ಚಿದ ಬಿಳಿ ನೂಲು.
ಅವಳು ಇಳಿದು ಬಂದು
ಒಂದು ಕಾಳನ್ನು ಉಗುರಲ್ಲಿ ಒಡೆದಳು.
ಒಳಗೂ ಬಿಳಿ.
ನಗು ನಿಂತಿತು.

"ನಮ್ಮಪ್ಪನ ಶೇಂಗಾದಾಗ ನೋಡೀನಿ, ಬುಡಕೊಳಿ.
ಇದು ಬೀಜ ಅಲ್ಲವಾ, ನಿದ್ದಿ.
ವರ್ಷಗಟ್ಲೆ ಮಲಗತೈತಿ ಮಣ್ಣಾಗ.
ಹೊಟ್ಟು ಎಲ್ಲಿಂದ ತಂದಿ?"

ಕುಷ್ಟಗಿ ಕಡೆಯ ಶೇಂಗಾ ಹೊಟ್ಟು.
ತಂಪಿರಲಿ ಎಂದು ನಾನೇ ಹಾಸಿದ್ದು.

ಗಿಡ, ಅದರ ಬುಡದ ಬೊಗಸೆ ಮಣ್ಣು,
ಎರಡೂ ಮಗ್ಗುಲಿನ ಚೆನ್ನಾಗಿದ್ದವು ಕೂಡ
(ಅವನ್ನು ಕೀಳುವಾಗ ಕೈ ತಡೆಯಿತು)
ಎಲ್ಲ ಗೊಬ್ಬರದ ಚೀಲಕ್ಕೆ ತುಂಬಿದೆವು.
ತಿಪ್ಪೆಗೆ ಬೇಡ, ಸುಡು ಎಂದಳು.
ಕಾಲುವೆಗಂತೂ ಬೇಡವೇ ಬೇಡ:
ಕೆಳಗಿನ ಗದ್ದೆ ಅವಳದು.
ಸಲಿಕೆ ತೊಳೆಸಿದಳು, ಚಪ್ಪಲಿ ತೊಳೆಸಿದಳು,
ಹೊಟ್ಟನ್ನೆಲ್ಲ ಬಳಿಸಿದಳು,
ಸಂಜೆಯ ನೀರು ಬಿಡಿಸಿದಳು.

ಗಂಗಾವತಿಯಲ್ಲಿ ಟ್ರೈಕೋಡರ್ಮಾ ಪುಡಿ ಕೊಟ್ಟ ಹುಡುಗ
"ಇದೂ ಬೂಷ್ಟೇ ಅಕ್ಕ, ಆದ್ರ ನಮ್ಮ ಕಡೀದು" ಎಂದ.
ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ಗೋಣಿ ಹೊದಿಸಿ,
ಬಾಣಂತಿಯ ಹಾಗೆ ನೆರಳಲ್ಲಿಟ್ಟು ಕಾದೆ.
ಕೊಳೆತದ್ದು ಮತ್ತೆ ಹಸಿರಾಗಲಿಲ್ಲ.
ಅರ್ಧಕ್ಕಿಂತ ತುಸು ಹೆಚ್ಚು ಕೆಫೆ ಸೇರಿತು.

ಈಗ ಕಾಲುವೆ ಬಿಟ್ಟಿದ್ದಾರೆ.
ಆಳಕ್ಕೆ ಉಳಿಸಿ, ಮಡಿ ತುಂಬ ನೀರು ಕಟ್ಟಿದ್ದೇನೆ.
ನಾಡಿದ್ದು ಭತ್ತದ ನಾಟಿ.
ದಿನಕ್ಕೆರಡು ಸಲ ನಾನು ಕುಡಿಸಿ ಬೆಳೆಸಿದ್ದು
ಉಸಿರಿಲ್ಲದೆ ಮಲಗಿರಲಿ ಅಡಿಯಲ್ಲಿ,
ಕಪ್ಪೆಗಳ ಗದ್ದಲದ ಕೆಳಗೆ.

ಹುಸೇನಮ್ಮ ಒಂದು ಗಡ್ಡೆ ಒಯ್ದು
ಬೇಳೆ ಹಾಕಿ ಪಲ್ಯ ಮಾಡಿದಳಂತೆ. ಸಪ್ಪೆಯಂತೆ.
ನಾನು ಒಗ್ಗರಣೆ ಡಬ್ಬಿ ತೆಗೆದಾಗಲೆಲ್ಲ
ಒಂದು ಕಾಳು ಒಡೆದು ನೋಡುತ್ತೇನೆ.

ಹಳದಿ.
ಎಣ್ಣೆಗೆ ಹಾಕುತ್ತೇನೆ.