ಬೆನ್ನು ಹೊರಗೆ

ತಿಂಗಳ ಏಳನೇ ತಾರೀಖು ಬಕ್ಕೇಶಪ್ಪ
ಚೌಕಿಪೇಟೆಯ ನಮ್ಮ ಗಾಜಿನಂಗಡಿಗೆ ಬರುತ್ತಾರೆ.
ಅದು ಸಂಬಳದ ದಿನ. ಮಿಲ್ಲು ಮುಚ್ಚಿ ಎಷ್ಟೋ ವರ್ಷ,
ತಾರೀಖು ಮಾತ್ರ ಮುಚ್ಚಿಲ್ಲ.

ಕಂಕುಳಲ್ಲಿ ಹಳೇ ಪಂಚಾಂಗ, ಅದರ ನಡುವೆ ಒಂದೇ ಲೇಬಲ್ಲು.
ಬಟ್ಟೆಯ ಥಾನಿಗೆ ಅಂಟಿಸುತ್ತಿದ್ದರಲ್ಲ, ಅಂಥದ್ದು:
ಹುಲಿಯೇರಿದ ಹೆಂಗಸು, ಗಡಿಯಾರ ಹೊತ್ತ ಆನೆ,
ರೈಲು ನೋಡುತ್ತ ಕೊಳಲು ಮರೆತ ಕೃಷ್ಣ.
ಅಂಗೈಯಷ್ಟು ಕಾಗದಕ್ಕೆ ಹನ್ನೆರಡು ಬಣ್ಣ, ಅಂಚಿಗೆ ಚಿನ್ನ.
"ಕಟ್ಟು ತೆಳ್ಳಗಿರಲಿ ಜೈಬುನ್ನಿಸಾ" ಅನ್ನುತ್ತಾರೆ, ಪ್ರತಿಸಲ.
ನೂರಾ ನಲವತ್ತೊಂದು ಹಾಕಿಕೊಟ್ಟಿದ್ದೇನೆ.
ಅಪ್ಪ ಹಾಕಿದ್ದು ಬೇರೆ.

ಒಮ್ಮೆ ಮೊಳೆ ಹೊಡೆಯಲು ಮನೆಗೆ ಹೋಗಿದ್ದೆ.
ಗೋಡೆಯ ಬಣ್ಣ ಯಾವುದೆಂದು ಈಗಲೂ ಗೊತ್ತಿಲ್ಲ.
ಒಳಗಿನಿಂದ ಹಾಲಮ್ಮ: "ನಾನು ರೊಟ್ಟಿ ಬಡಿದ್ರೆ
ಆನೆ ಹುಲಿ ಎಲ್ಲಾ ಕುಣೀತಾವೆ ನೋಡು."

ಯಾಕೆ ಇಷ್ಟೊಂದು, ಕೇಳಿಯೇಬಿಟ್ಟೆ.
"ಒಂದಿದ್ರೆ ಚಿತ್ರ ಕಣವ್ವ. ಎರಡಾದ್ರೆ
ಮೂರನೇದು ಎಲ್ಲೈತೆ ಅಂತ ಅವೇ ಕೇಳ್ತಾವೆ."
ಆಮೇಲೆ ಸ್ವಲ್ಪ ಹೊತ್ತು ಸುತ್ತಿಗೆಯನ್ನೇ ನೋಡುತ್ತ:
"ಇಪ್ಪತ್ತಾರು ವರ್ಷ ಫೋಲ್ಡಿಂಗ್ ಖಾತೆ.
ದಿನಕ್ಕೆ ಎಂಟುನೂರು ನವಿಲು ಅಂಟಿಸೀನಿ, ನಮ್ಮ ಮಿಲ್ಲಿಂದು.
ಒಂದೂ ಇಟ್ಕೊಳ್ಳಲಿಲ್ಲ.
ನಾಳೆ ಮತ್ತೆ ಎಂಟುನೂರು ಇರ್ತಾವಲ್ಲ, ಅಂತ."

ಬಾಂಬೆಯ ಹುಲಿ ಸಿಕ್ಕಿತು, ಅಹಮದಾಬಾದಿನ ಆನೆ ಸಿಕ್ಕಿತು,
ಹಡಗಿನಲ್ಲಿ ಬಂದಿದ್ದ ಬಿಳಿ ರಾಣಿಯೂ ಸಿಕ್ಕಳು.
ಊರಿನ ನವಿಲಿಗೆ ಅವರು ಹುಡುಕದ ಜಾಗವಿಲ್ಲ.
ಮಂಡಿಪೇಟೆಯ ದಲ್ಲಾಳಿಗಳ ಅಟ್ಟ, ರದ್ದಿಯಂಗಡಿ;
ಮಂಡಕ್ಕಿ ಭಟ್ಟಿಯವರು ಉರಿಸಲು ತಂದ ಕಾಗದದ ರಾಶಿಗೆ
ಕೈ ಹಾಕಿ ಬೈಸಿಕೊಂಡರು.

ಈ ತಿಂಗಳು ಹತ್ತೊಂಬತ್ತಕ್ಕೆ ಬಂದರು. ಮಧ್ಯಾಹ್ನ.
ಒಂದು ಕಾಲಿಗೆ ಮಾತ್ರ ಚಪ್ಪಲಿ.
ಹರಿಹರದ ದರ್ಜಿಯೊಬ್ಬನ ಕೆಳಗಿನ ಕಪಾಟು,
ಬಿಚ್ಚದೇ ಉಳಿದ ಒಂದು ಥಾನು;
ಬೆರಳು ತಾಗಿದ್ದೇ ನವಿಲು ಉದುರಿ ಬಿತ್ತಂತೆ.

ನಾನು ಗರಿ ನೋಡುತ್ತಿದ್ದೆ. ಅವರು ಅದನ್ನು ಮಗುಚಿದರು.
ಒಣಗಿದ ಮೈದಾ ಗಂಜಿ, ಮೈಲುತುತ್ತದ ಹಸಿರು ಛಾಯೆ,
ಕುಂಚ ಎಳೆದ ಮೂರು ಗೆರೆ,
ಮೂಲೆಯಲ್ಲೊಂದು ಹೆಬ್ಬೆರಳು.
"ಮೂರು. ನಾನು ಮೂರೇ ಎಳೀತಿದ್ದೆ.
ಮಲಕಾಜಿ ಎರಡೇ ಎಳೀತಿದ್ದ, ಸೋಮಾರಿ."

ಹೆಬ್ಬೆರಳಿಟ್ಟು ನೋಡಲಿಲ್ಲ.
ಇಡುತ್ತಾರೆಂದುಕೊಂಡೆ.

"ಹಿಂಗೇ ಹಾಕು. ಬೆನ್ನು ಹೊರಗೆ."
ಎರಡೂ ಕಡೆ ಗಾಜು ಹಾಕಬಹುದು, ಅಂದೆ.
"ಬ್ಯಾಡ. ನವಿಲ್ನ ಗೋಡೆ ನೋಡ್ಲಿ ಬಿಡು."

ರಸೀದಿಯಲ್ಲಿ 'ನವಿಲು, ಒಂದು' ಎಂದು ಬರೆದೆ.
ಹೊಡೆದು ಹಾಕಿದೆ. ಇನ್ನೇನು ಬರೆಯುವುದೋ ತಿಳಿಯದೆ
ಅಳತೆಯಷ್ಟೇ ಬರೆದೆ:
ನಾಲ್ಕು ಇಂಚು, ಆರು.